ರಾಫ್ಟಿಂಗೂ ಬೇಕು, ಹುಲಿಯೂ ಬೇಕು ಅನ್ನುವವರಿಗೆ

ಮೊನ್ನೆ ಮುಂಬೈಯ ಮಾಟುಂಗಾದಿಂದ ಒಬ್ಬರು ಫೋನ್ ಮಾಡಿದರು. ಮೂಲ ಉಡುಪಿ ಕಡೆಯವರು. "ಜುಲೈಯಲ್ಲಿ ನಾಲ್ಕು ದಿನ ರಜೆ ಉಂಟು. ರಾಫ್ಟಿಂಗ್ ಆಗಬೇಕು, ಪ್ಯಾರಾಗ್ಲೈಡಿಂಗ್ ಆಗಬೇಕು, ಮಕ್ಕಳಿಗೆ ಒಂದು ಹುಲಿ ತೋರಿಸಬೇಕು. ಎಷ್ಟಾಗ್ತದೆ ಮಾರಾಯ್ರೇ?" ಅಂದರು. ದುಡ್ಡಿನ ಮಾತು ಆಮೇಲೆ, ಮೊದಲು ಜುಲೈ ಬಿಡಿ ಅಂದೆ.

ಪುಣೆಯಲ್ಲಿ ಕೂತು ಇಂಥ ಟ್ರಿಪ್ ಮಾಡಿಸುವುದೇ ನನ್ನ ಕಸುಬು. ಬರುವವರೆಲ್ಲ ಮೊದಲು ಜಾಗದ ಹೆಸರು ಹೇಳುತ್ತಾರೆ. ಯಾವ ತಿಂಗಳು ಅಂತ ಯೋಚಿಸಿ ಬರುವವರು ಕಮ್ಮಿ. ಜುಲೈ 1ರಿಂದ ಸೆಪ್ಟೆಂಬರ್ 30ರವರೆಗೆ ಮಹಾರಾಷ್ಟ್ರದ ಚಂದ್ರಪುರದ ತಾಡೋಬಾ ಹುಲಿ ಕಾಡಿನಲ್ಲಿ ಕೋರ್, ಅಂದರೆ ನಡುವಿನ ಕಾಡು ಮುಚ್ಚಿರುತ್ತದೆ. ಸುತ್ತಲಿನ ಬಫರ್ ಕಾಡಿನ ಗೇಟುಗಳಿಂದ ಒಳಗೆ ಹೋಗಬಹುದು, ಆದರೆ ಹುಲ್ಲು ಎದೆಯೆತ್ತರ ಬೆಳೆದಿರುತ್ತದೆ, ಎಲ್ಲೆಲ್ಲೂ ನೀರಿರುವಾಗ ಹುಲಿ ನಮಗೋಸ್ಕರ ರಸ್ತೆ ಪಕ್ಕದ ಹೊಂಡಕ್ಕೆ ಯಾಕೆ ಬರಬೇಕು ಹೇಳಿ. ಲೋಣಾವಳಾ ಹತ್ತಿರದ ಕಾಮಶೇತದಲ್ಲಿ ಪ್ಯಾರಾಗ್ಲೈಡಿಂಗೂ ಮಳೆಗಾಲದಲ್ಲಿ ಬಂದ್. ಆಗ ಜೋರಾಗಿರುವುದು ಗೋವಾದ ವಾಳಪೈ ಕಡೆಯ ಮಾಂಡೋವಿ ನದಿಯ ರಾಫ್ಟಿಂಗ್. ಅಲ್ಲಿಯವರಿಗೆ ಮ್ಹಾದೇಯಿ, ನಮಗೆ ಮಹದಾಯಿ. ಹುಟ್ಟೋದು ನಮ್ಮ ಖಾನಾಪುರದ ಭೀಮಗಡ ಕಾಡಿನಲ್ಲಿ, ಜಗಳ ನಿಮಗೆ ಗೊತ್ತೇ ಇದೆ, ಇಲ್ಲಿ ಬೇಡ.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು, ನದಿಗೆ ನೀರು ಎಲ್ಲಿಂದ ಬರುತ್ತದೆ ಅಂತ ಮೊದಲು ಕೇಳಿ. ಮಳೆ ನೀರಿನ ನದಿಯಾದರೆ ಸಫಾರಿ ಜೊತೆ ಹೊಂದುವುದಿಲ್ಲ, ನದಿ ತುಂಬಿದಾಗ ಕಾಡು ಮುಚ್ಚಿರುತ್ತದೆ. ಡ್ಯಾಮಿನ ನೀರಾದರೆ ಹೊಂದುತ್ತದೆ. ಬೇಸಿಗೆಯಲ್ಲೂ ನದಿ ಓಡುತ್ತದೆ, ಅದೇ ಹೊತ್ತಿಗೆ ಕಾಡು ಒಣಗಿ ಪ್ರಾಣಿಗಳು ನೀರಿನ ಹತ್ತಿರ ಸೇರುತ್ತವೆ.

ಮಹಾರಾಷ್ಟ್ರದ ಕೊಂಕಣದಲ್ಲಿರುವ ಕೋಲಾಡದ ಕುಂಡಲಿಕಾ ನದಿ ನೋಡಿ. ಪುಣೆ ಪಕ್ಕದ ಮುಳಶಿ ಡ್ಯಾಮಿನ ನೀರು ಘಟ್ಟದ ಕೆಳಗಿನ ಭೀರಾಕ್ಕೆ ಇಳಿದು, ಟರ್ಬೈನ್ ತಿರುಗಿಸಿ ಮುಂಬೈಗೆ ಕರೆಂಟು ಕೊಟ್ಟು, ಆಮೇಲೆ ಕುಂಡಲಿಕಾ ಸೇರುತ್ತದೆ. ಮುಂಬೈಯವರು ಬೆಳಿಗ್ಗೆ ಗೀಸರ್ ಹಾಕಿದರೆ ಕೋಲಾಡದಲ್ಲಿ ರಾಫ್ಟ್ ತೇಲುತ್ತದೆ ಅಂತ ನಾವು ತಮಾಷೆ ಮಾಡುವುದು ಅದಕ್ಕೇ. ಇದರ ಇನ್ನೊಂದು ಮುಖವನ್ನೂ ನಾನು ಕಂಡಿದ್ದೇನೆ. ಶುರುವಿನ ದಿನಗಳಲ್ಲಿ ಒಮ್ಮೆ 22 ಜನರನ್ನು ಕರೆದುಕೊಂಡು ಹೋಗಿ, ಲೈಫ್ ಜಾಕೆಟ್ ಹಾಕಿಸಿ, ದಡದಲ್ಲಿ ನಿಲ್ಲಿಸಿದ್ದೆ. ಆವತ್ತು ನೀರೇ ಬಿಡಲಿಲ್ಲ. ಮಧ್ಯಾಹ್ನದವರೆಗೆ ಕಲ್ಲು ಎಣಿಸುತ್ತಾ ಕೂತೆವು, ಒಬ್ಬ ಅಜ್ಜಿ ಚೀಲದಿಂದ ಚಕ್ಕುಲಿ ತೆಗೆದು ಹಂಚಿದ್ದರಿಂದ ನನ್ನ ಮರ್ಯಾದೆ ಉಳಿಯಿತು. ಅಲ್ಲಿಂದೀಚೆಗೆ ನೀರಾಟಕ್ಕೆ ಯಾವತ್ತೂ ಒಂದು ಬೆಳಿಗ್ಗೆ ಹೆಚ್ಚಿಗೆ ಇಟ್ಟುಕೊಳ್ಳುತ್ತೇನೆ.

ಬೆಳಿಗ್ಗೆ ಅಂದೆನಲ್ಲ, ಅದೇ ದೊಡ್ಡ ತಲೆನೋವು. ಕೋಲಾಡದಲ್ಲಿ ನೀರು ಬಿಡುವುದು ಬೆಳಿಗ್ಗೆ, ಪ್ರಾಣಿಗಳು ಓಡಾಡುವುದೂ ಬೆಳಿಗ್ಗೆ. ಹಾಗಾಗಿ ಒಂದು ಬೆಳಿಗ್ಗೆಗೆ ಒಂದೇ ಕೆಲಸ. ನಾಲ್ಕು ದಿನ ರಜೆ ಅಂದರೆ ಹೋಗಿ ಬರುವ ದಾರಿ ಕಳೆದು ನಿಮ್ಮ ಕೈಲಿರುವುದು ಎರಡು ಬೆಳಿಗ್ಗೆ, ಹೆಚ್ಚೆಂದರೆ ಮೂರು. ಮೊದಲು ಸಫಾರಿ ಬುಕ್ ಮಾಡಿ. ಆ ಪರ್ಮಿಟ್ ನಿಮ್ಮ ಹೆಸರಿಗೆ, ಆ ತಾರೀಖಿಗೆ ಅಂತಲೇ ಸಿಗುವುದು, ಸುಮ್ನೆ ಮುಂದೂಡಲು ಬರುವುದಿಲ್ಲ. ರಾಫ್ಟಿಂಗ್ ಅದಕ್ಕಿಂತ ಹಿಂದಿನ ದಿನಗಳಲ್ಲಿರಲಿ. ನೀರು ಕೈಕೊಟ್ಟರೆ ಮರುದಿನ ಇದೆ. ಮಕ್ಕಳೂ ನದಿಯಲ್ಲಿ ಕೂಗಾಡಿ ದಣಿದಿದ್ದರೆ ಸಫಾರಿ ಜೀಪಾದ ಜಿಪ್ಸಿಯಲ್ಲಿ ಬಾಯಿ ಮುಚ್ಚಿ ಕೂರುತ್ತಾರೆ. ಇದು ನನ್ನ ಅನುಭವ, ನಂಬಿ.

ಎರಡೂ ಒಂದೇ ಊರಲ್ಲಿ ಬೇಕು ಅಂದರೆ ನಾನು ಕಣ್ಣು ಮುಚ್ಚಿ ಹೇಳುವ ಹೆಸರು ದಾಂಡೇಲಿ. ಕಾಳಿ ನದಿಗೆ ಸೂಪಾ ಡ್ಯಾಮಿನ ನೀರು, ರಾಫ್ಟಿಂಗ್ ಗಣೇಶಗುಡಿ ಹತ್ತಿರ, ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶ. 2015ರವರೆಗೆ ಅದಕ್ಕೆ ಅಣಶಿ-ದಾಂಡೇಲಿ ಅಂತ ಹೆಸರಿತ್ತು. ಆದರೆ ಹುಲಿ ಅನ್ನುವ ಹೆಸರು ನೋಡಿ ಮೋಸ ಹೋಗಬೇಡಿ. ತಾಡೋಬಾದ ಬಯಲು, ಬಿದಿರು ಬೇರೆ, ಇಲ್ಲಿಯ ದಟ್ಟ ಕಾಡು ಬೇರೆ. ಹುಲಿ ಇದೆ, ಕರಿಚಿರತೆಯೂ ಇದೆ, ನಿಮಗೆ ಕಾಣುವುದು ಮಾತ್ರ ಅಪರೂಪ. ಕಾಡುಕೋಣ, ಜಿಂಕೆ, ಕೆಂದಳಿಲು ನೋಡುವ ಮನಸ್ಸಿದ್ದರೆ ಬನ್ನಿ. ನನ್ನ ಮಟ್ಟಿಗೆ ದಾಂಡೇಲಿ ಅಂದರೆ ಮಂಗಟ್ಟೆ ಹಕ್ಕಿ. ದೊಡ್ಡ ಮಂಗಟ್ಟೆ ತಲೆ ಮೇಲೆ ಹಾರಿದರೆ ರೆಕ್ಕೆ ಸದ್ದು ಉಗಿಬಂಡಿ ಹೋದಂತೆ ಕೇಳುತ್ತದೆ. ಊರಿನ ಟಿಂಬರ್ ಡಿಪೋದಲ್ಲೇ ಅದಕ್ಕಿಂತ ಚಿಕ್ಕ ಜಾತಿಯ ಮಂಗಟ್ಟೆ ಸಿಗುತ್ತದೆ, ಅದಕ್ಕೆ ಜಿಪ್ಸಿಯೂ ಬೇಡ.

ನದಿಗಿಳಿಯುವ ಮುಂಚೆ ಎರಡು ಮಾತು. ಜಾಕೆಟ್ ಹಾಕಿದ ಮೇಲೆ ಭುಜದ ಹತ್ತಿರ ಹಿಡಿದು ಯಾರಾದರೂ ಮೇಲಕ್ಕೆಳೆಯಲಿ, ಕಿವಿವರೆಗೆ ಬಂದರೆ ಅದು ಸಡಿಲ, ಬಿಗಿ ಮಾಡಿಸಿ. ನೀರಿಗೆ ಬಿದ್ದರೆ ಎದ್ದು ನಿಲ್ಲಲು ಹೋಗಬೇಡಿ. ಮೊಣಕಾಲುದ್ದ ನೀರಲ್ಲೂ ಪಾದ ಕಲ್ಲಿನ ಸಂದಿಗೆ ಸಿಕ್ಕಿದರೆ ಹಿಂದಿನ ಸೆಳೆತ ನಿಮ್ಮನ್ನು ಮುಂದಕ್ಕೆ ಮುಗ್ಗರಿಸುತ್ತದೆ, ಮುಖ ನೀರೊಳಗೆ. ಅಂಗಾತ ಮಲಗಿ, ಕಾಲು ನೀರು ಹೋಗುವ ಕಡೆಗೆ, ಕಾಲ್ಬೆರಳು ನೀರಿನ ಮೇಲೆ. ಹಿಂದಿನ ರಾತ್ರಿ ಗುಂಡು ಹಾಕಿದವರನ್ನು ನಾನು ರಾಫ್ಟ್ ಹತ್ತಿಸುವುದಿಲ್ಲ, ಎಷ್ಟೇ ಬೈದರೂ. ಸೊಂಟ ನೋವಿನವರು ಜಿಪ್ಸಿಯ ಹಿಂದಿನ ಸೀಟು ಬಿಡಿ, ಅದೇ ಜಾಸ್ತಿ ಎಗರುವುದು.

ಈಗೀಗ ಆಫ್ರಿಕಾ ಕೇಳುವವರೂ ಇದ್ದಾರೆ. ಅಲ್ಲಿ ನನ್ನ ಡ್ಯಾಮಿನ ಲೆಕ್ಕ ನಡೆಯುವುದಿಲ್ಲ. ವಿಕ್ಟೋರಿಯಾ ಜಲಪಾತದ ಕೆಳಗೆ ಜಾಂಬೆಜಿ ನದಿಯಲ್ಲಿ ನೀರು ಇಳಿದಷ್ಟೂ ಬಂಡೆ ಎದ್ದು ರಾಫ್ಟಿಂಗ್ ರಂಗೇರುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅದು ಒಳ್ಳೆ ಸಮಯ, ಪಕ್ಕದ ಬೋಟ್ಸ್ವಾನಾದ ಚೋಬೆಯಲ್ಲಿ ಆನೆಗಳು ಹಿಂಡುಹಿಂಡಾಗಿ ಹೊಳೆಗೆ ಬರುವ ಒಣಗಾಲವೂ ಅದೇ. ನಮ್ಮ ಗಣಪತಿ, ದಸರಾ ರಜೆಗೆ ಸರಿಹೋಗುತ್ತದೆ. ಒಂದೇ ಎಚ್ಚರಿಕೆ, ಟ್ರಾವೆಲ್ ಇನ್ಶೂರೆನ್ಸ್ ಕಾಗದದಲ್ಲಿ ರಾಫ್ಟಿಂಗ್, ಬಂಜಿ ಜಂಪಿಂಗ್ ಸೇರಿದೆಯಾ ಅಂತ ಓದಿ. ಸಾಹಸ ಕ್ರೀಡೆಯನ್ನು ಹೊರಗಿಟ್ಟಿರುವ ಪಾಲಿಸಿಗಳು ಬಹಳ.

ಮಾಟುಂಗಾದವರು ಕೊನೆಗೆ ದೀಪಾವಳಿ ರಜೆಗೆ ದಾಂಡೇಲಿ ಅಂತ ಒಪ್ಪಿದರು. ಮಗನಿಗೆ ಇನ್ನೂ ಸಿಟ್ಟು ಇಳಿದಿಲ್ಲವಂತೆ, ಪ್ಯಾರಾಗ್ಲೈಡಿಂಗ್ ಕಿತ್ತು ಹಾಕಿದ್ದಕ್ಕೆ.