ತಂತಿಯೊಂದಿಗೆ ಹೋದವು, ಬಿಡಿಭಾಗಕ್ಕೆ ಕಾದು ನಿಂತವು: ಘಟ್ಟದ ಹಳೆ ಎಂಜಿನ್‌ಗಳ ಹಿನ್ನೆಲೆ

ಎಡಕುಮೇರಿಯಿಂದ ಸಕಲೇಶಪುರದತ್ತ ಹತ್ತುತ್ತಿದ್ದ, ಅಮೆರಿಕ ಮೂಲದ ಆಲ್ಕೋ ಡೀಸೆಲ್ ಎಂಜಿನ್ ಕಣ್ಣಿಗೆ ಬೀಳುವ ಎಷ್ಟೋ ಹೊತ್ತಿನ ಮುಂಚೆ ಕಿವಿಗೆ ಬೀಳುತ್ತಿತ್ತು. ಮೊದಲು ನೆಲ ಕುಟ್ಟಿದಂಥ ಬಡಿತ, ಅದರ ಮೇಲೆ ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊದ ಸಿಳ್ಳೆ, ಕೊನೆಗೆ ಮರಗಳ ನೆತ್ತಿಯಲ್ಲಿ ಕರಿಹೊಗೆ. ಮುಂಬೈ–ಪುಣೆ ನಡುವಿನ ಭೋರ್ ಘಾಟ್ ಬಲ್ಲ ಹಿರಿಯರು ನೆನೆಯುವುದು ಬೇರೆಯದನ್ನು: ಚಕ್ರಗಳ ಪಕ್ಕದಲ್ಲಿ ಸರಳುಗಳನ್ನು ಆಡಿಸುತ್ತ ಸುಯ್‌ಗುಡುತ್ತ ಬರುತ್ತಿದ್ದ, ಉದ್ದ ಮೂತಿಯ ವಿದ್ಯುತ್ ಎಂಜಿನ್. ಎರಡನ್ನೂ ಈಗ ‘ಹಳೇ ಕಾಲದ ರೈಲು’ ಎಂದು ಒಂದೇ ಉಸಿರಿನಲ್ಲಿ ಹಂಬಲಿಸುವುದುಂಟು. ಆದರೆ ಎರಡೂ ಕಣ್ಮರೆಯಾದ ಬಗೆ ಒಂದೇ ಅಲ್ಲ. ವಿದ್ಯುತ್ ಎಂಜಿನ್ನಿನ ಆಯುಸ್ಸು ಅದರ ತಂತಿಯಲ್ಲಿತ್ತು. ಡೀಸೆಲ್‌ನದು ಶೆಡ್ಡಿನ ಉಗ್ರಾಣದಲ್ಲಿ.

ಇವುಗಳ ರೂಪ, ಸದ್ದು, ವಾಸನೆ ಎಲ್ಲವನ್ನೂ ಹುಟ್ಟಿಸಿದ್ದು ಏರು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ಘಾಟಿಯ ಏರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ದೂಧ್‌ಸಾಗರ್ ದಾಟಿ ಇಳಿಯುವ ಬ್ರಗಾಂಜಾ ಘಾಟಿಯಲ್ಲೂ, ಕರ್ಜತ್‌ನಿಂದ ಲೋಣಾವಳಕ್ಕೆ ಏರುವ ಭೋರ್ ಘಾಟ್‌ನಲ್ಲೂ ಅದು 37ಕ್ಕೆ 1. ರಸ್ತೆಯಲ್ಲಾದರೆ ಇದು ಏರೇ ಅಲ್ಲ. ಉಕ್ಕಿನ ಮೇಲೆ ಉಕ್ಕು ಉರುಳುವಾಗ ಲೆಕ್ಕ ಬೇರೆ.

50ಕ್ಕೆ 1 ಏರಿನಲ್ಲಿ ಒಂದು ಟನ್ ತೂಕವನ್ನು ಮೇಲೆಳೆಯಲು 20 ಕಿಲೊ ಎಳೆತ ಬೇಕು. ಉರುಳಾಟದ ತಡೆಗೆ ಇನ್ನು ಸುಮಾರು 3 ಕಿಲೊ. 8 ಡಿಗ್ರಿ ತಿರುವಿದ್ದರೆ (ಸುಮಾರು 220 ಮೀಟರ್ ತ್ರಿಜ್ಯ) ಮತ್ತೆ 3 ಕಿಲೊ. 1,000 ಟನ್ ಗಾಡಿಗೆ, ಎಂಜಿನ್ ತನ್ನ ತೂಕವನ್ನೂ ಹೊತ್ತುಕೊಳ್ಳಬೇಕಾದ್ದರಿಂದ, ಒಟ್ಟು ಸುಮಾರು 29 ಟನ್ ಎಳೆತ. ದೇಶದ ತುಂಬ ಓಡಿದ ಡಬ್ಲ್ಯುಡಿಎಂ-2 ಎಂಬ ಆಲ್ಕೋ ಡೀಸೆಲ್ ಹೊರಡುವ ಕ್ಷಣದಲ್ಲಿ ಸುಮಾರು 30 ಟನ್ ಕೊಡಬಲ್ಲದು. ಮೋಟಾರ್ ಕಾಯದಂತೆ ಎಳೆಯುತ್ತಲೇ ಇರಬೇಕೆಂದರೆ 24ರ ಆಸುಪಾಸು. ಹೀಗಾಗಿ ಒಂದು ಎಂಜಿನ್ ಸಾಲದು. 37ಕ್ಕೆ 1 ಏರಿನಲ್ಲಂತೂ ಕೇಳುವುದೇ ಬೇಡ.

ಹೆಚ್ಚುವರಿ ಎಂಜಿನ್‌ಗಳನ್ನೆಲ್ಲ ಮುಂದೆಯೇ ಕಟ್ಟದೆ ಹಿಂದೆ ‘ಬ್ಯಾಂಕರ್’ ಆಗಿ ಹಾಕುವುದಕ್ಕೆ ಕಾರಣ ಎರಡು. ಎಲ್ಲವೂ ಮುಂದಿದ್ದರೆ ಪೂರ್ತಿ ಎಳೆತ ಮೊದಲ ಕೊಂಡಿಯ ಮೇಲೆ ಬೀಳುತ್ತದೆ. ಕೊಂಡಿಗೂ ಒಂದು ತಾಳಿಕೆಯಿದೆ. ಅಕಸ್ಮಾತ್ ಕೊಂಡಿ ತುಂಡಾದರೂ ಹಿಂದಿನ ಬೋಗಿಗಳು ಇಳಿಜಾರಿನಲ್ಲಿ ಓಡಿಹೋಗದಂತೆ ಬ್ಯಾಂಕರ್ ತಡೆದು ನಿಲ್ಲುತ್ತದೆ. ಘಾಟಿ ಗಾಡಿಯ ಎರಡೂ ತುದಿಯಿಂದ ಸದ್ದು ಬರುತ್ತಿದ್ದುದು ಹೀಗೆ.

ವಿದ್ಯುತ್ ಎಂಜಿನ್‌ಗಳ ಕಥೆ ಮುಂಬೈ ಕಡೆಯದು. 1925ರ ಫೆಬ್ರುವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. 1,500 ವೋಲ್ಟ್ ಡಿಸಿ ತಂತಿ ಐದೇ ವರ್ಷದಲ್ಲಿ ಭೋರ್ ಘಾಟ್ ಹತ್ತಿ ಪುಣೆ ಮುಟ್ಟಿತು. 1930ರ ಜೂನ್ 1ರಂದು ಡೆಕ್ಕನ್ ಕ್ವೀನ್ ಹೊರಟದ್ದು ಈ ತಂತಿಯ ಕೆಳಗೇ. ಗೂಡ್ಸ್ ಎಳೆಯಲು ಬಂದದ್ದು ಮುಂದೆ ಡಬ್ಲ್ಯುಸಿಜಿ-1 ಎನಿಸಿಕೊಂಡ ಮಾದರಿ: 41 ಎಂಜಿನ್‌ಗಳು, ಒಂದೊಂದೂ 120 ಟನ್ನಿಗಿಂತ ಭಾರ, 2,600 ಅಶ್ವಶಕ್ತಿ. ಸ್ವಿಟ್ಜರ್ಲೆಂಡಿನ ಪ್ರಸಿದ್ಧ ‘ಮೊಸಳೆ’ ಎಂಜಿನ್‌ಗಳ ದಾಯಾದಿ. ಮರಾಠಿ ಸಿಬ್ಬಂದಿಯ ಬಾಯಲ್ಲಿ ಇದು ಖೇಕಡಾ, ಅಂದರೆ ಏಡಿ.

ಆ ಸರಳುಗಳು ಅಲಂಕಾರಕ್ಕಿರಲಿಲ್ಲ. ಚಕ್ರಗಳ ನಡುವಿನ ಇಕ್ಕಟ್ಟಿನಲ್ಲಿ ಕೂರುವಷ್ಟು ಚಿಕ್ಕದಾದ ಬಲಶಾಲಿ ಮೋಟಾರ್ ಆಗ ಸಿಗುತ್ತಿರಲಿಲ್ಲ. ಆದ್ದರಿಂದ ಎಂಜಿನ್ನಿನ ಅಡಿಯ ಪ್ರತಿ ಚಕ್ರಚೌಕಟ್ಟಿನ ಮೇಲೆ ಎರಡು ದೊಡ್ಡ ಮೋಟಾರ್ ಕೂರಿಸಿ, ಗಿಯರ್ ಮೂಲಕ ಒಂದು ಅಡ್ಡ ದಂಡ ತಿರುಗಿಸಿ, ಅಲ್ಲಿಂದ ಮೂರು ಜೋಡಿ ಚಕ್ರಗಳಿಗೆ ಸರಳು ಬಿಗಿದರು. ಇದರಿಂದ ಇನ್ನೊಂದು ಲಾಭವೂ ಇತ್ತು. ಮೂರು ಜೋಡಿಯೂ ಒಟ್ಟಿಗೇ ತಿರುಗಬೇಕಾದ್ದರಿಂದ ಒಂದೇ ಚಕ್ರ ಒದ್ದೆ ಹಳಿಯ ಮೇಲೆ ತನ್ನಷ್ಟಕ್ಕೆ ಜಾರಿ ಗಿರಕಿ ಹೊಡೆಯುವಂತಿರಲಿಲ್ಲ. ತೊಂದರೆ ಬೇರಿಂಗ್‌ಗಳಲ್ಲಿ. ಒಂದು ಸರಳಿನ ಬುಷ್ (ಕೀಲಿನ ಲೋಹದ ಬಳೆ) ಸವೆದು ಅಳತೆ ತಪ್ಪಿದರೆ ಹೊರೆ ಉಳಿದವುಗಳ ಮೇಲೆ ವಾಲುತ್ತದೆ.

ಈ ಎಂಜಿನ್‌ಗಳಿಗೆ ಮರುಉತ್ಪಾದನೆಯ ಬ್ರೇಕ್ ಇತ್ತು ಎಂಬುದನ್ನು ಇಂದಿನವರು ನಂಬುವುದು ಕಷ್ಟ. ಇಳಿಯುವಾಗ ಮೋಟಾರ್‌ಗಳೇ ಡೈನಮೊಗಳಾಗಿ ತಂತಿಗೆ ಕರೆಂಟ್ ಹಿಂತಿರುಗಿಸುತ್ತಿದ್ದವು. ಇಂದು ಹೊಸದೆಂಬಂತೆ ಹೇಳಿಕೊಳ್ಳುವ ಈ ಗುಣ ಭೋರ್ ಘಾಟ್‌ನಲ್ಲಿ ಸ್ವಾತಂತ್ರ್ಯಕ್ಕೂ ಮೊದಲೇ ಇತ್ತು! ಡಿಸಿ ತಂತಿಯ ಮಿತಿ ಏನೆಂದರೆ, ಹಿಂದೆ ಬಂದ ಕರೆಂಟ್ ನುಂಗಲು ಅದೇ ಹೊತ್ತಿಗೆ ಹತ್ತಿರದಲ್ಲಿ ಇನ್ನೊಂದು ಗಾಡಿ ಹತ್ತುತ್ತಿರಬೇಕು, ಇಲ್ಲವೇ ಸಬ್‌ಸ್ಟೇಷನ್ ಅದನ್ನು ವಾಪಸ್ ತೆಗೆದುಕೊಳ್ಳುವಂತಿರಬೇಕು.

ಡಬ್ಲ್ಯುಸಿಜಿ-1 ಸುಮಾರು ಆರು ದಶಕ ದುಡಿಯಿತು. ಆಮೇಲೆ ಚಿತ್ತರಂಜನ್ ಕಾರ್ಖಾನೆಯ ಡಬ್ಲ್ಯುಸಿಜಿ-2ಗಳು ಬ್ಯಾಂಕರ್ ಕೆಲಸ ಹೊತ್ತವು. ಆದರೆ 1,500 ವೋಲ್ಟ್ ಡಿಸಿಗೆ ತನ್ನದೇ ಮಿತಿಯಿತ್ತು. ವೋಲ್ಟೇಜ್ ಕಡಿಮೆಯಾದರೆ ಅದೇ ಶಕ್ತಿಗೆ ಕರೆಂಟ್ ಹೆಚ್ಚು ಹರಿಯಬೇಕು. ಹೆಚ್ಚು ಕರೆಂಟಿಗೆ ದಪ್ಪ ತಾಮ್ರ, ಹತ್ತಿರ ಹತ್ತಿರ ಸಬ್‌ಸ್ಟೇಷನ್. 25,000 ವೋಲ್ಟ್ ಎಸಿಯಲ್ಲಿ ಈ ರಗಳೆಯಿಲ್ಲ. ಮುಂಬೈ ಭಾಗದ ಪರಿವರ್ತನೆ ಹಂತಹಂತವಾಗಿ ಸಾಗಿ 2016ರಲ್ಲಿ ಹಾರ್ಬರ್ ಮಾರ್ಗದೊಂದಿಗೆ ಮುಗಿಯಿತು. ಅಲ್ಲಿಗೆ ಶುದ್ಧ ಡಿಸಿ ಎಂಜಿನ್‌ಗಳಿಗೆ ಓಡಲು ಜಾಗವೇ ಇಲ್ಲದಾಯಿತು. ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ಡಬ್ಲ್ಯುಸಿಜಿ-1 ಇದೆ, ಬಣ್ಣ ಬಳಿದು ನಿಲ್ಲಿಸಿದ್ದಾರೆ. ಎಷ್ಟೇ ಚೆನ್ನಾಗಿ ದುರಸ್ತಿ ಮಾಡಿದರೂ ಅದನ್ನು ಘಟ್ಟಕ್ಕೆ ಒಯ್ದು ಓಡಿಸುವುದು ಸಾಧ್ಯವಿಲ್ಲ. ಹಬೆ ಎಂಜಿನ್ನಿಗೆ ನೀರು, ಕಲ್ಲಿದ್ದಲು ಸಾಕು. ಇದಕ್ಕೆ ಇಡೀ ಒಂದು ವಿದ್ಯುತ್ ವ್ಯವಸ್ಥೆಯೇ ಬೇಕು.

ನಮ್ಮ ಘಾಟಿಗಳದು ಡೀಸೆಲ್ ಕಥೆ. ಸಕಲೇಶಪುರ ಘಾಟಿಯ ‘ಹಳೇ ಕಾಲ’ ಅಂಥ ಹಳೆಯದೂ ಅಲ್ಲ. ಹಾಸನ–ಮಂಗಳೂರು ಮೀಟರ್‌ಗೇಜ್ ಹಾದಿ ಓಡಾಟಕ್ಕೆ ತೆರೆದದ್ದು 1979ರಲ್ಲಿ. ಗೇಜ್ ಪರಿವರ್ತನೆಗೆಂದು ಘಾಟಿ ಮುಚ್ಚಿದ್ದು 1996ರಲ್ಲಿ. ಬ್ರಾಡ್‌ಗೇಜ್ ಗೂಡ್ಸ್ ಬಂದದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರ್‌ನಲ್ಲಿ. ಮೀಟರ್‌ಗೇಜ್ ಬಾಳಿದ್ದು 17 ವರ್ಷ ಅಷ್ಟೆ. ನಡುವೆ ಗಾಡಿಯಿಲ್ಲದ ಹತ್ತು ವರ್ಷಗಳಲ್ಲಿ 57 ಸುರಂಗ, ನೂರಕ್ಕೂ ಮಿಕ್ಕ ಸೇತುವೆಗಳ ಆ ದಾರಿ ಚಾರಣಿಗರ ಪಾಲಾಯಿತು. ಈ ಘಾಟಿಯ ಮೇಲಿನ ಮೋಹದ ದೊಡ್ಡ ಪಾಲು ಬೆಳೆದದ್ದು ರೈಲು ಇಲ್ಲದಿದ್ದಾಗ, ಸ್ಲೀಪರ್ ಎಣಿಸುತ್ತ ನಡೆದವರಿಂದ. ತಮಾಷೆಯೆನಿಸಿದರೂ ನಿಜ.

ಮೀಟರ್‌ಗೇಜ್‌ನಲ್ಲಿ ವೈಡಿಎಂ-4, ಬ್ರಾಡ್‌ಗೇಜ್‌ನಲ್ಲಿ ಡಬ್ಲ್ಯುಡಿಎಂ-2 ಮತ್ತು ಅದರ ಮುಂದಿನ ತಲೆಮಾರು, ಎಲ್ಲದರ ಹೊಟ್ಟೆಯಲ್ಲೂ ಆಲ್ಕೋ 251 ಎಂಜಿನ್. ಡಬ್ಲ್ಯುಡಿಎಂ-2 1962ರಲ್ಲಿ ಅಮೆರಿಕದಿಂದ ಬಂತು, 1964ರಿಂದ ವಾರಾಣಸಿಯ ರೈಲ್ವೆ ಕಾರ್ಖಾನೆಯಲ್ಲಿ ತಯಾರಾಯಿತು. ಅಮೆರಿಕದ ಮೂಲ ಕಂಪನಿ 1969ರಲ್ಲೇ ಬಾಗಿಲು ಹಾಕಿತು; ವಾರಾಣಸಿ ಆಮೇಲೂ ನಾಲ್ಕು ದಶಕ ಅದೇ ಎಂಜಿನ್ನನ್ನು ತಿದ್ದಿ ತೀಡಿ, 2,600 ಅಶ್ವಶಕ್ತಿಯಿಂದ 3,100ಕ್ಕೆ ಏರಿಸಿ ಕಟ್ಟುತ್ತಲೇ ಇತ್ತು.

ಸದ್ದಿನ ಗುಟ್ಟು ಹೀಗೆ. ಡಬ್ಲ್ಯುಡಿಎಂ-2ರಲ್ಲಿ 16 ಸಿಲಿಂಡರ್, ನಾಲ್ಕು ಸ್ಟ್ರೋಕ್, ನಿಂತಾಗ ನಿಮಿಷಕ್ಕೆ 400 ಸುತ್ತು, ಎಂಟನೇ ನಾಚ್‌ನಲ್ಲಿ (ಶಕ್ತಿ ಏರಿಸುವ ಹಿಡಿಯ ಕೊನೆಯ ಮೆಟ್ಟಿಲು) 1,000. ನಿಂತಿರುವಾಗ ಒಂದೊಂದು ಸಿಲಿಂಡರಿಗೆ ಹೋಗುವ ಡೀಸೆಲ್ ಅತ್ಯಲ್ಪ. ಪಂಪ್‌ಗಳ ನಡುವಿನ ಸಣ್ಣ ಹೆಚ್ಚುಕಡಿಮೆಯೂ ಕಿವಿಗೆ ಕೇಳುತ್ತದೆ. ಆ ಕುಂಟು ನಡಿಗೆಯ ಬಡಿತ ಬಂದದ್ದು ಅಲ್ಲಿಂದ. ಹೊಗೆಗೆ ಕಾರಣ ಟರ್ಬೊ. ಅದು ತಿರುಗುವುದು ಎಂಜಿನ್ ಹೊರಬಿಡುವ ಬಿಸಿ ಅನಿಲದಿಂದ. ನಾಚ್ ಏರಿಸಿದ ಕೂಡಲೇ ಡೀಸೆಲ್ ಹೆಚ್ಚುತ್ತದೆ, ಗಾಳಿ ಹೆಚ್ಚಲು ಟರ್ಬೊಗೆ ಹಲವು ಸೆಕೆಂಡ್ ಬೇಕು. ಆ ಅಂತರದಲ್ಲಿ ಅರೆಬರೆ ಉರಿದದ್ದೇ ಕರಿಹೊಗೆ. ಒಂದೊಂದು ನಾಚ್‌ಗೂ ತುಸು ತಡೆದು ಏರಿಸುವ ಕೈಯಲ್ಲಿ ಅದೇ ಎಂಜಿನ್ ಕಡಿಮೆ ಹೊಗೆ ಬಿಡುತ್ತಿತ್ತು. ವೇಗ ಸ್ಥಿರವಾದ ಮೇಲೂ ಕಪ್ಪು ನಿಲ್ಲದಿದ್ದರೆ ಗಾಳಿ ಫಿಲ್ಟರ್ ಕಟ್ಟಿರಬೇಕು, ಇಂಜೆಕ್ಟರ್ ನಾಜಲ್ ಸವೆದಿರಬೇಕು ಅಥವಾ ಟರ್ಬೊ ಮಂದವಾಗಿರಬೇಕು. ಹೊಗೆ ನೀಲಿಯಾದರೆ ಎಣ್ಣೆ ಉರಿಯುತ್ತಿದೆ. ಬಿಸಿಯಾದ ಎಂಜಿನ್ನಿನಿಂದ ಬಿಳಿ ಬಂದರೆ ಸಿಲಿಂಡರಿಗೆ ನೀರು ಇಳಿಯುತ್ತಿರಬಹುದು. ಇದು ನಿಲ್ಲಿಸಿ ನೋಡಬೇಕಾದ ಹೊಗೆ. ಸುರಂಗದೊಳಗೆ ಇನ್ನೊಂದು ಪೀಕಲಾಟ. ಮುಂದಿನ ಎಂಜಿನ್ ಉಗುಳಿದ್ದನ್ನೇ ಹಿಂದಿನದು ಉಸಿರಾಡುತ್ತದೆ. ಆಮ್ಲಜನಕ ಕಡಿಮೆ, ರೇಡಿಯೇಟರಿಗೆ ಸಿಗುವ ಗಾಳಿ ಬಿಸಿ. ನೀರಿನ ಉಷ್ಣತೆಯ ಎಚ್ಚರಿಕೆ ಗಂಟೆ ಮೊದಲು ಬಾರಿಸುತ್ತಿದ್ದುದು ಹಿಂದಿನ ಎಂಜಿನ್ನಿನಲ್ಲಿ.

ಮಳೆಗಾಲದಲ್ಲಿ ಎಂಜಿನ್ನಿಗಿಂತ ಚಕ್ರದ್ದೇ ಚಿಂತೆ. ಜೋರು ಮಳೆ ಹಳಿ ತೊಳೆಯುತ್ತದೆ. ಮೊದಲ ತುಂತುರು ಧೂಳು, ಎಲೆರಸ, ಎಣ್ಣೆ ಕಲಸಿ ಜಾರುಬಂಡೆ ಮಾಡುತ್ತದೆ. ಡಬ್ಲ್ಯುಡಿಎಂ-2ರಲ್ಲಿ ನಿಧಾನ ವೇಗದಲ್ಲಿ ಆರು ಡಿಸಿ ಮೋಟಾರ್‌ಗಳು ಎರಡೆರಡು ಸರಣಿಯಲ್ಲಿ ಜೋಡಿಯಾಗಿರುತ್ತವೆ. ಒಂದು ಚಕ್ರ ಜಾರಿ ವೇಗವಾಗಿ ತಿರುಗಿದರೆ ಆ ಮೋಟಾರ್ ಜೋಡಿಯ ವೋಲ್ಟೇಜಿನ ದೊಡ್ಡ ಪಾಲನ್ನು ತಾನೇ ಕಿತ್ತುಕೊಳ್ಳುತ್ತದೆ, ಇನ್ನಷ್ಟು ಜಾರುತ್ತದೆ. ಜೊತೆಗಾರನ ಎಳೆತ ಬಿದ್ದುಹೋಗುತ್ತದೆ. ರಿಲೇ ಇದನ್ನು ಹಿಡಿದು ಶಕ್ತಿ ಇಳಿಸಿ ಬಜರ್ ಬಾರಿಸುವಷ್ಟರಲ್ಲಿ ಗಾಡಿಯ ವೇಗ ಕುಸಿದಿರುತ್ತದೆ. ಮದ್ದು ಮರಳು. ಅದು ಒಣಗಿರಬೇಕು. ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರದೆ ತೇವ ಹತ್ತಿದರೆ ಮರಳು ಪೈಪಿನಲ್ಲೇ ಗಟ್ಟಿಯಾಗುತ್ತದೆ. ಪೈಪಿನ ಬಾಯಿ ಓರೆಯಾದರೆ ಜಲ್ಲಿಗೆ ಬೀಳುತ್ತದೆ, ಹಳಿಗಲ್ಲ.

ಏರಿನಲ್ಲಿ ಗಾಡಿ ನಿಂತೇಬಿಟ್ಟರೆ ಮೋಟಾರ್ ಬಲದಿಂದ ಅದನ್ನು ಹಿಡಿದಿಡಬಾರದು. ಮೋಟಾರ್ ತಿರುಗದೆ ಕರೆಂಟ್ ಹರಿದರೆ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಬ್ರಷ್ ಕೆಳಗಿನ ಅವೇ ಕೆಲವು ತಾಮ್ರದ (ಕಮ್ಯುಟೇಟರ್) ಪಟ್ಟಿಗಳು ಸುಟ್ಟು ಗುಳಿ ಬೀಳುತ್ತವೆ. ಬ್ರೇಕ್ ಹಾಕಿ, ಶಕ್ತಿ ತೆಗೆದು, ಮರಳು ಬಿಟ್ಟು, ಹಿಂದಿನ ಬ್ಯಾಂಕರ್ ಜೊತೆ ಹೊಂದಿಸಿಕೊಂಡು ಮತ್ತೆ ಹೊರಡಬೇಕು. ಘಾಟಿ ಗಾಡಿಗಳ ಬಳಿ ಸುಳಿಯುತ್ತಿದ್ದ ಆ ಬಿಸಿ ವಾರ್ನಿಷ್ ವಾಸನೆ ಮೋಟಾರ್ ತನ್ನ ಮಿತಿ ಮುಟ್ಟಿದ್ದಕ್ಕೆ ಸಾಕ್ಷಿ.

ಇಳಿಯುವಾಗ ಕೇಳುತ್ತಿದ್ದ ಊಳಿಡುವಂಥ ಸದ್ದು ಡೈನಮಿಕ್ ಬ್ರೇಕಿನದು. ಮೋಟಾರ್‌ಗಳು ಹುಟ್ಟಿಸಿದ ಕರೆಂಟ್ ಚಾವಣಿ ಬಳಿಯ ರೆಸಿಸ್ಟರ್ ಜಾಲರಿಗಳಲ್ಲಿ ಶಾಖವಾಗುತ್ತದೆ. ತಣಿಸುವ ಫ್ಯಾನ್ ನಡೆಯುವುದೂ ಅದೇ ಕರೆಂಟಿನಿಂದ. ಆದ್ದರಿಂದಲೇ ಬ್ರೇಕ್ ಜೋರಾದಷ್ಟೂ ಊಳು ಜೋರು. ವೇಗ ತೀರ ಇಳಿದರೆ ಈ ಬ್ರೇಕ್ ಸೊರಗುತ್ತದೆ, ಗಾಳಿ ಬ್ರೇಕ್ ನೆರವಿಗೆ ಬರಲೇಬೇಕು. ಭೋರ್ ಘಾಟ್‌ನಲ್ಲಿ ಇದಕ್ಕೆ ಇನ್ನೊಂದು ಕಾವಲಿದೆ: ಇಳಿಯುವ ಗಾಡಿ ಕ್ಯಾಚ್ ಸೈಡಿಂಗ್‌ಗೆ ಮುಂಚೆ ಪೂರ್ತಿ ನಿಂತು ತೋರಿಸಬೇಕು. ಹಳಿ ಮೊದಲೇ ಏರುಮುಖದ ಆ ಕುರುಡು ದಾರಿಗೆ ತಿರುಗಿರುತ್ತದೆ. ನಿಂತ ಮೇಲಷ್ಟೆ ಮುಖ್ಯ ದಾರಿ ಸಿಗುತ್ತದೆ.

ಆಲ್ಕೋಗಳನ್ನು ಬದಿಗೆ ಸರಿಸಲು ವಿದ್ಯುತ್ ತಂತಿಯೇ ಬರಬೇಕಾಗಿರಲಿಲ್ಲ. ಇನ್ನೊಂದು ಡೀಸೆಲ್ ಆ ಕೆಲಸ ಶುರುಮಾಡಿತ್ತು. 1999ರಿಂದ ಹುಬ್ಬಳ್ಳಿ ಶೆಡ್ಡಿಗೆ ಬಂದ ಡಬ್ಲ್ಯುಡಿಜಿ-4 ಎರಡು ಸ್ಟ್ರೋಕಿನ, 4,000 ಅಶ್ವಶಕ್ತಿಯ, ಮೂರು ಫೇಸ್ ಎಸಿ ಮೋಟಾರಿನ ಎಂಜಿನ್. ಆ ಮೋಟಾರಿನ ವೇಗ ಅದಕ್ಕೆ ಕೊಟ್ಟ ಫ್ರೀಕ್ವೆನ್ಸಿಗೆ ಕಟ್ಟುಬಿದ್ದಿರುವುದರಿಂದ ಚಕ್ರ ಮನಬಂದಂತೆ ಗಿರಕಿ ಹೊಡೆಯಲಾರದು. ಹೊರಡುವಾಗಿನ ಎಳೆತ 50 ಟನ್ನಿಗೂ ಮೇಲೆ. ಮರ್ಮಗೋವಾ ಬಂದರಿನ ಕಲ್ಲಿದ್ದಲು ಬ್ರಗಾಂಜಾ ಏರನ್ನು ಹತ್ತಿಯೇ ಬಳ್ಳಾರಿ ಸೀಮೆಯ ಉಕ್ಕಿನ ಕುಲುಮೆಗಳಿಗೆ ಬರಬೇಕು. ತುಂಬಿದ ಗಾಡಿಯೇ ಮೇಲೆ ಹತ್ತುವ ಇಂಥ ದಾರಿಯಲ್ಲಿ ಯಾವ ಎಂಜಿನ್ ಲಾಭದ್ದು ಎಂದು ಚರ್ಚಿಸಬೇಕಾಗಿರಲಿಲ್ಲ. ಸಕಲೇಶಪುರ ಘಾಟಿಯಲ್ಲಿ ವಿದ್ಯುತ್ ತಂತಿಯ ಕೆಲಸಕ್ಕಾಗಿ 2025ರ ಜೂನ್‌ನಿಂದ ತಿಂಗಳುಗಟ್ಟಲೆ ಹಗಲಿನ ರೈಲುಗಳನ್ನು ನಿಲ್ಲಿಸಲಾಗಿತ್ತು. ವಾರಾಣಸಿಯವರು 2019ರಲ್ಲಿ ಎರಡು ಡಬ್ಲ್ಯುಡಿಜಿ-3ಎ ಆಲ್ಕೋಗಳ ಒಡಲು ಬಗೆದು 10,000 ಅಶ್ವಶಕ್ತಿಯ ಜೋಡಿ ವಿದ್ಯುತ್ ಎಂಜಿನ್ ಮಾಡಿ ತೋರಿಸಿದ್ದೂ ಉಂಟು.

ಡಿಸಿ ಎಂಜಿನ್ನಿಗಿಲ್ಲದ ಅನುಕೂಲ ಆಲ್ಕೋಗೆ ಇದೆ: ತಂತಿಯಿದ್ದರೂ ಇಲ್ಲದಿದ್ದರೂ ಓಡುತ್ತದೆ. ಸ್ಮಾರಕವಾಗಿ ನಿಲ್ಲಿಸದೆ ಜೀವಂತ ಉಳಿಸುವುದಾದರೆ ಮೊದಲು ಬೇಕಾದದ್ದು ಬಣ್ಣವಲ್ಲ, ಉಗ್ರಾಣ: ಟರ್ಬೊ, ಇಂಜೆಕ್ಷನ್ ಪಂಪ್ ಮತ್ತು ನಾಜಲ್, ಸಿಲಿಂಡರ್ ಹೆಡ್, ಲೈನರಿನ (ಸಿಲಿಂಡರಿನ ಒಳಕೊಳವೆ) ರಬ್ಬರ್ ಸೀಲ್, ಎಂಜಿನ್ ವೇಗ ಹಿಡಿತದಲ್ಲಿಡುವ ಗವರ್ನರ್, ಮೋಟಾರ್ ಬ್ರಷ್. ಗುಜರಿಗೆ ಹೊರಟ ಎರಡು ಎಂಜಿನ್‌ಗಳನ್ನು ಬಿಚ್ಚಿಟ್ಟುಕೊಂಡರೆ ಒಂದನ್ನು ಬಹುಕಾಲ ಓಡಿಸಬಹುದು. ಬ್ಯಾಟರಿಯನ್ನು ಚಾರ್ಜಿನಲ್ಲೇ ಇಡಬೇಕು. ಇದಕ್ಕೆ ಬೇರೆ ಸ್ಟಾರ್ಟರ್ ಮೋಟಾರ್ ಇಲ್ಲ; 8 ವೋಲ್ಟಿನ 8 ಬ್ಯಾಟರಿಗಳು ಮುಖ್ಯ ಜನರೇಟರನ್ನೇ ಮೋಟಾರಾಗಿ ತಿರುಗಿಸಬೇಕು. ತಂಪು ನೀರಿಗೆ ತುಕ್ಕು ತಡೆಯುವ ರಾಸಾಯನಿಕ ಹಾಕದಿದ್ದರೆ ಲೈನರ್ ಹೊರಮೈ ತೂತು ಬೀಳುತ್ತದೆ. ಗಂಟೆಗಟ್ಟಲೆ ಸುಮ್ಮನೆ ಚಾಲೂ ಇಟ್ಟು ಪ್ರದರ್ಶನ ಮಾಡುವುದೂ ಒಳ್ಳೆಯದಲ್ಲ. ಆಗ ಟರ್ಬೊದ ಸೀಲ್ ದಾಟಿ ಬಂದ ಎಣ್ಣೆ ಹೊಗೆಗೂಡಿನಲ್ಲಿ ಶೇಖರವಾಗಿ, ಮುಂದೆ ಎಂಟನೇ ನಾಚ್ ಹಾಕಿದಾಗ ಬೆಂಕಿಯಾಗಿ ಮೇಲೇಳಬಹುದು.

ವೈಡಿಎಂ-4 ಕಂಡು ಕೇಳಬೇಕೆನ್ನುವವರಿಗೆ ನೀಲಗಿರಿಯ ಕೂನೂರು–ಉದಕಮಂಡಲ ದಾರಿಯಿದೆ. ಹಲ್ಲುಹಳಿಯಿಲ್ಲದ ಆ ಮೇಲಿನ ಭಾಗದಲ್ಲಿ ಗಾಡಿ ಎಳೆಯುವುದು ಅದೇ. ಶೆಡ್ಡಿನಲ್ಲಿ ಬಹಳ ದಿನ ಮಲಗಿದ್ದ ಎಂಜಿನ್ನನ್ನು ಎಬ್ಬಿಸುವವರಿಗೆ ಒಂದು ಮಾತು: ಮೊದಲು ಎಲ್ಲ ಸಿಲಿಂಡರುಗಳ ಟೆಸ್ಟ್ ಕಾಕ್ (ಪರೀಕ್ಷೆಯ ಸಣ್ಣ ನಲ್ಲಿ) ತೆರೆದು, ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟನ್ನು ಕೈಬಲದಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಯಾವುದಾದರೂ ಕಾಕ್‌ನಿಂದ ನೀರು ಚಿಮ್ಮಿದರೆ ಅಲ್ಲಿಗೇ ನಿಲ್ಲಿಸಿ. ನೀರು ಕುಗ್ಗುವುದಿಲ್ಲ, ಹಾಗೇ ಸ್ಟಾರ್ಟ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.