ಕಲಾಯಿ ಹಾಕದೆ ಉಜ್ಜಿದರೇನು ಬಂತು?

ಪ್ರತಿವರ್ಷ ಆಯುಧಪೂಜೆಯ ಹಿಂದಿನ ವಾರ ನನ್ನ ವರ್ಕ್‌ಶಾಪಿಗೆ ಪಾಲಿಶಿಗೆಂದು ಬರುವ ಕಾರುಗಳಲ್ಲಿ ಕೆಲವಾದರೂ ಟೂತ್‌ಪೇಸ್ಟಿನ ಘಮಲನ್ನು ಹೊತ್ತು ತರುತ್ತವೆ. ಹಳದಿಗಟ್ಟಿದ ಹೆಡ್‌ಲೈಟನ್ನು ಹಿಂದಿನ ರಾತ್ರಿ ಮನೆಮಂದಿಯೆಲ್ಲ ಸೇರಿ ಉಜ್ಜಿರುತ್ತಾರೆ. ನಾನು ಆ ಮಾತೆತ್ತಿದರೆ, ‘ಅದೊಂದನ್ನು ನಾವೇ ಮಾಡಿಕೊಂಡಿದ್ದೇವೆ, ನೋಡಿ ಹೇಗೆ ಹೊಳೆಯುತ್ತಿದೆ’ ಎಂದು ಹೆಮ್ಮೆಪಡುತ್ತಾರೆ. ಹೊಳೆಯುತ್ತಿರುವುದು ಸುಳ್ಳಲ್ಲ. ಆದರೆ ಅದೇ ಕಾರು ಸಂಕ್ರಾಂತಿಯ ಹೊತ್ತಿಗೆ ಮತ್ತೆ ಮಂಕು ಬಡಿಸಿಕೊಂಡು ಬಂದಾಗ ಅವರು ಅನುಮಾನಿಸುವುದು ಪೇಸ್ಟಿನ ಕಂಪನಿಯನ್ನೇ ಹೊರತು ಉಜ್ಜಿದ ವಿಧಾನವನ್ನಲ್ಲ.

ನಾವೆಲ್ಲ ರೂಢಿಯಿಂದ ‘ಗ್ಲಾಸು’ ಎಂದು ಕರೆಯುವ ಆ ಮುಚ್ಚಳ ಇಂದಿನ ಕಾರುಗಳಲ್ಲಿ ಗಾಜೇ ಅಲ್ಲ. ಹಳೆಯ ಅಂಬಾಸಿಡರ್‌ಗಳ ಹೆಡ್‌ಲೈಟು ನಿಜವಾದ ಗಾಜಿನದಾಗಿತ್ತು. ಕಲ್ಲು ಬಿದ್ದರೆ ಒಡೆಯುತ್ತಿತ್ತು, ಆದರೆ ಹಳದಿಯಾಗುತ್ತಿರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಪೆಟ್ಟನ್ನು ತಡೆದುಕೊಳ್ಳುವುದರಲ್ಲಿ ಗಟ್ಟಿಗ, ಬಿಸಿಲಿನ ನೇರಳಾತೀತ ಕಿರಣಗಳ ಮುಂದೆ ಮಾತ್ರ ತೀರಾ ಅಶಕ್ತ. ಆದ್ದರಿಂದಲೇ ಕಾರ್ಖಾನೆಯಲ್ಲಿ ಅದರ ಹೊರಮೈಗೆ ಕೂದಲೆಳೆಗಿಂತಲೂ ತೆಳ್ಳಗಿನ, ಪಾರದರ್ಶಕವಾದ ಗಟ್ಟಿ ಲೇಪವೊಂದನ್ನು ಹಾಕಿರುತ್ತಾರೆ. ವರ್ಷಗಳ ಬಿಸಿಲಿಗೆ ಆ ಲೇಪ ಸವೆದು, ಬಿರಿದು, ಅಲ್ಲಲ್ಲಿ ಎದ್ದುಹೋದಾಗ ಒಳಗಿನ ಪ್ಲಾಸ್ಟಿಕ್ ಹಳದಿಯಾಗತೊಡಗುತ್ತದೆ. ನಮ್ಮ ಕಡೆ ವರ್ಷದ ಬಹುಪಾಲು ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ, ಪಶ್ಚಿಮಕ್ಕೆ ಮುಖಮಾಡಿ ನಿಲ್ಲುವ ಕಾರಿನ ಎಡಗಡೆಯ ದೀಪ ಸಾಮಾನ್ಯವಾಗಿ ಮೊದಲು ಮಂಕಾಗುತ್ತದೆ. ಎರಡು ದೀಪಗಳನ್ನು ಹೋಲಿಸಿ ನೋಡಿ, ಗಿರಾಕಿಯ ಮನೆಯಲ್ಲಿ ಕಾರು ಯಾವ ದಿಕ್ಕಿಗೆ ನಿಲ್ಲುತ್ತದೆಂದು ಊಹಿಸಿ ಹೇಳುವುದು ನನ್ನದೊಂದು ಚಪಲ.

ನಾನು ಹೇಳಿ ಹೇಳಿ ಸೋತಿರುವ ಸಂಗತಿ ಇಷ್ಟೇ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಇದ್ದ ಹಾಗೆ ಹೆಡ್‌ಲೈಟಿಗೆ ಆ ಲೇಪ. ಕಲಾಯಿ ಹೋದ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದರೆ ಚಿನ್ನದಂತೆ ಹೊಳೆಯುತ್ತದೆ, ಆದರೆ ಹೊಳೆಯಿತೆಂದು ಯಾವ ಗೃಹಿಣಿಯೂ ಅದರಲ್ಲಿ ಸಾರು ಕುದಿಸುವುದಿಲ್ಲ. ಕಿಲುಬು ಹಿಡಿಯುತ್ತದೆಂದು ಅವಳಿಗೆ ಗೊತ್ತು. ಟೂತ್‌ಪೇಸ್ಟು ಮಾಡುವುದು ಆ ಹುಣಸೆಹಣ್ಣಿನ ಕೆಲಸವನ್ನು. ಅದರಲ್ಲಿರುವ ನುಣುಪಾದ ಪುಡಿ ಮೇಲಿನ ಹಳದಿ ಪದರವನ್ನು ತುಸು ಕೆರೆಯುತ್ತದೆ, ಅದರೊಂದಿಗೆ ಅಳಿದುಳಿದ ಲೇಪವನ್ನೂ ಅಷ್ಟಿಷ್ಟು ಕೆರೆಯುತ್ತದೆ. ಹೊಳಪು ಬಂದ ಮರುಗಳಿಗೆಯಿಂದ ಪ್ಲಾಸ್ಟಿಕ್ ಮೊದಲಿಗಿಂತ ಹೆಚ್ಚು ಬೆತ್ತಲಾಗಿ ಬಿಸಿಲಿಗೆ ಮೈಯೊಡ್ಡಿ ನಿಂತಿರುತ್ತದೆ. ದುಬಾರಿ ಕಾಂಪೌಂಡನ್ನು ಮೆಷಿನ್ನಿನಲ್ಲಿ ಹಾಕಿ ಬಫಿಂಗ್ ಮಾಡಿದರೂ ಇದೇ ಕಥೆ. ಉಜ್ಜುವುದು ಅರ್ಧ ಕೆಲಸ. ಅದೇ ದಿನ ಹೊಸ ಲೇಪ ಹಾಕುವುದು ಉಳಿದರ್ಧ. ಎರಡನೆಯದನ್ನು ಮಾಡುವ ಉದ್ದೇಶವಿಲ್ಲದಿದ್ದರೆ ಮೊದಲನೆಯದಕ್ಕೆ ಕೈಹಾಕದಿರುವುದೇ ಒಳ್ಳೆಯದೆಂದು ನಾನು ಗಿರಾಕಿಗಳಿಗೆ ನೇರವಾಗಿಯೇ ಹೇಳುತ್ತೇನೆ.

ಉಜ್ಜುವ ಕ್ರಮದಲ್ಲಿ ಅಂಥ ಗುಟ್ಟೇನಿಲ್ಲ. ಸುತ್ತಲಿನ ಪೇಂಟಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, 800ರ ವಾಟರ್ ಪೇಪರಿನಿಂದ (ಒದ್ದೆಮಾಡಿ ಉಜ್ಜುವ ಮರಳು ಕಾಗದ, ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಶುರುಮಾಡಿ, ಧಾರಾಳವಾಗಿ ನೀರು ಬಿಡುತ್ತ ಹಂತಹಂತವಾಗಿ ನುಣುಪಿನ ಪೇಪರಿಗೆ ಹೋಗಬೇಕು. ಇಳಿಯುವ ನೀರು ಮೊದಲು ಹಳದಿಯಾಗಿರುತ್ತದೆ, ಅದು ಬೆಳ್ಳಗಾಗುವವರೆಗೆ ಮೊದಲ ಪೇಪರನ್ನು ಬಿಡಬಾರದು. ಈ ಹಂತದಲ್ಲಿ ದೀಪ ಹಾಲು ಬಳಿದಂತೆ ಕಾಣುವುದರಿಂದ ಅನೇಕರು ಗಾಬರಿಯಾಗಿ ನನಗೆ ಫೋನ್ ಮಾಡುತ್ತಾರೆ. ಅದು ಹಾಗೆಯೇ ಕಾಣಬೇಕು.

ಮುಂದಿನದು ನೀವು ಹಾಕುವ ಲೇಪವನ್ನು ಅವಲಂಬಿಸಿದೆ. ಬಟ್ಟೆಯಿಂದ ಒರೆಸಿ ಹಚ್ಚುವ ಸಿದ್ಧ ಲೇಪವಾದರೆ 3000ದ ಪೇಪರಿನವರೆಗೂ ಹೋಗಿ ಪಾಲಿಶ್ ಮಾಡಬೇಕಾಗುತ್ತದೆ. ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪೇಂಟನ್ನು ಸ್ಪ್ರೇ ಮಾಡುವುದಾದರೆ 1500ರ ಆಸುಪಾಸಿನಲ್ಲೇ ನಿಲ್ಲಿಸಬೇಕು, ಏಕೆಂದರೆ ಸಣ್ಣ ಗೀರುಗಳನ್ನು ಆ ಕೋಟೇ ತುಂಬಿಕೊಳ್ಳುತ್ತದೆ. ಪಾಲಿಶಿನ ಎಣ್ಣೆಯಂಶ ಉಳಿದಿದ್ದರೆ ಕೋಟ್ ಹಿಡಿಯದೆ ಸಿಪ್ಪೆಯೇಳುತ್ತದೆ. ಯಾವುದೇ ಆದರೂ ನೇರಳಾತೀತ ಕಿರಣಗಳನ್ನು ತಡೆಯುವುದೆಂದು ಡಬ್ಬಿಯ ಮೇಲೆ ಬರೆದಿರಬೇಕು, ಮತ್ತು ಹಚ್ಚುವ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಒಣಗಿಸಬೇಕು. ಹಾರ್ಡ್‌ನರ್ ಬೆರೆಸುವ ಎರಡು ಭಾಗದ ಕ್ಲಿಯರ್ ಕೋಟ್ ಹೆಚ್ಚು ಬಾಳಿಕೆಯದಾದರೂ ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲವಾದ್ದರಿಂದ ಆ ಕೆಲಸವನ್ನು ಪೇಂಟರಿಗೇ ಬಿಡುವುದು ಲೇಸು. ಬರಿಯ ವ್ಯಾಕ್ಸ್ ಹಚ್ಚಿದರೆ ಕೆಲವು ವಾರಗಳಲ್ಲಿ ತೊಳೆದುಹೋಗುತ್ತದೆ.

ಪೆಟ್ರೋಲು, ಥಿನ್ನರು, ನೇಲ್‌ಪಾಲಿಶ್ ತೆಗೆಯುವ ದ್ರವ, ಸೊಳ್ಳೆಗೆಂದು ಮೈಗೆ ಸಿಂಪಡಿಸಿಕೊಳ್ಳುವ ಸ್ಪ್ರೇ, ಇವುಗಳನ್ನು ದಯವಿಟ್ಟು ದೀಪದ ಹತ್ತಿರ ತರಬೇಡಿ. ಇವು ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಮೆದುಗೊಳಿಸಬಹುದು ಅಥವಾ ಒಳಗೆ ಜೇಡರಬಲೆಯಂಥ ಬಿರುಕುಗಳನ್ನು ಎಬ್ಬಿಸಬಹುದು. ಆ ಬಿರುಕುಗಳಿಗೂ, ದೀಪದ ಒಳಮೈಗೆ ಕಟ್ಟಿದ ಮಂಜಿಗೂ ವಾಟರ್ ಪೇಪರಿನಲ್ಲಿ ಮದ್ದಿಲ್ಲ. ಎಲ್ಲ ಸರಿಯಾಗಿ ಮಾಡಿದರೂ ಹೊಸ ದೀಪದ ಬೆಳಕು ಪೂರ್ತಿ ಮರಳುತ್ತದೆಂದು ನಾನು ಮಾತು ಕೊಡುವುದಿಲ್ಲ. 2018ರಲ್ಲಿ ಅಮೆರಿಕದ ವಾಹನ ಚಾಲಕರ ಸಂಸ್ಥೆಯಾದ ಎಎಎ ಪ್ರಕಟಿಸಿದ ಪರೀಕ್ಷೆಯಲ್ಲಿ ಹಳದಿಗಟ್ಟಿದ ದೀಪಗಳು ಹೊಸದರ ಶೇ 20ರಷ್ಟು ಬೆಳಕನ್ನು ಮಾತ್ರ ಕೊಟ್ಟಿದ್ದವು. ಉಜ್ಜಿ ಸರಿಪಡಿಸಿದ ಮೇಲೆ ಅದು ಸುಮಾರು ಶೇ 70ಕ್ಕೆ ಏರಿತ್ತು.

ನನ್ನ ಹಳೆಯ ಗಿರಾಕಿಯಾದ ನಿವೃತ್ತ ಮೇಷ್ಟ್ರೊಬ್ಬರು, ಮಂಕು ದೀಪದಲ್ಲಿ ದಾರಿ ಕಾಣದೆ, 60/55 ವಾಟಿನ ಬಲ್ಬ್ ತೆಗೆದು 100/90ರದ್ದನ್ನು ಹಾಕಿಸಿಕೊಂಡಿದ್ದರು. ಬೆಳಕು ಹಳದಿ ಪದರದಲ್ಲಿ ಚೆದುರಿ ಎದುರಿನವರ ಕಣ್ಣಿಗೆ ಹೊಡೆಯಿತೇ ಹೊರತು ರಸ್ತೆಗೆ ಬೀಳಲಿಲ್ಲ, ಜೊತೆಗೆ ಆ ಕಾವಿಗೆ ಒಳಗಿನ ರಿಫ್ಲೆಕ್ಟರು ಕಂದಿಹೋಯಿತು. ಹಳೆಯ ಬಲ್ಬನ್ನೇ ಹಾಕಿಸಿ, ದೀಪವನ್ನು ಉಜ್ಜಿ ಲೇಪ ಕೊಡುತ್ತ ಈ ಕಲಾಯಿಯ ಉದಾಹರಣೆಯನ್ನು ಅವರಿಗೆ ಹೇಳಿದೆ.

‘ಹಾಗಾದರೆ ಈ ಕಲಾಯಿ ಎಷ್ಟು ದಿನಕ್ಕೊಮ್ಮೆ ಕಣಯ್ಯಾ?’ ಎಂದರು.

‘ಸಾರ್, ನೆರಳಿದ್ದರೆ ಎರಡು ವರ್ಷ ತಡೆಯಬಹುದು. ನಿಮ್ಮ ಅಂಗಳದ ಬಿಸಿಲಿಗೆ ಒಂದು ವರ್ಷ ಬಂದರೂ ಪುಣ್ಯ’ ಎಂದೆ.

ಮುಂದಿನ ಬೇಸಿಗೆಯಲ್ಲಿ ಅವರ ಮನೆಗೆ ಹೋದಾಗ ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರವೊಂದು ಎದ್ದಿತ್ತು. ನೆರಳು ಕಾರಿನ ಮೂತಿಯ ಮೇಲೆ ಮಾತ್ರ ಬೀಳುತ್ತಿತ್ತು. ಉಳಿದರ್ಧ ಅಂಗಳವನ್ನು ಹಪ್ಪಳ ಒಣಗಿಸಲು ಬೇಕೆಂದು ಅಮ್ಮಾವರು ಬಿಟ್ಟುಕೊಟ್ಟಿರಲಿಲ್ಲ.