ಸಸ್ಯಾಹಾರಿಗಳು ಸ್ಪೇನ್‌ನಲ್ಲಿ ಒಂದು ಮನೆಯವರ ಜೊತೆ ಇದ್ದು ಓದಬಹುದಾ?

ಪ್ರಶ್ನೆ: ಸ್ಪ್ಯಾನಿಷ್ ಕಲಿಯಲು ಮೂರು ತಿಂಗಳು ಸಲಮಾಂಕಾಗೆ ಹೋಗುತ್ತಿದ್ದೇನೆ. ಭಾಷಾ ಶಾಲೆಯವರು ಹೋಮ್‌ಸ್ಟೇ ತಗೊಳ್ಳಿ ಎನ್ನುತ್ತಿದ್ದಾರೆ. ನಾನು ಮಾಂಸ, ಮೀನು ಮುಟ್ಟುವುದಿಲ್ಲ. ಮೊಟ್ಟೆ ಪರವಾಗಿಲ್ಲ. ಅಲ್ಲಿ ಊಟಕ್ಕೆ ಏನು ಮಾಡಲಿ? ಸುಮ್ನೆ ಒಂದು ರೂಮು ಮಾಡಿಕೊಂಡು ನಾನೇ ಅಡುಗೆ ಮಾಡಿಕೊಳ್ಳುವುದು ವಾಸಿಯಾ?

ಉತ್ತರ: ಮನೆಯವರ ಜೊತೆಗೇ ಇರಿ. ಮೊಟ್ಟೆ ತಿನ್ನುತ್ತೀರಿ ಎಂದಮೇಲೆ ಊಟಕ್ಕೆ ಅಂಥ ತೊಂದರೆ ಇಲ್ಲ. ಆದರೆ ‘ನಾನು ಸಸ್ಯಾಹಾರಿ’ ಎಂದು ಹೇಳಿ ಸುಮ್ಮನಾಗಬೇಡಿ. ಏನೇನು ತಿನ್ನುವುದಿಲ್ಲ ಎಂದು ಒಂದೊಂದನ್ನೂ ಹೆಸರು ಹಿಡಿದು ಹೇಳಬೇಕು.

ಇದನ್ನು ನಾನು ಅಲ್ಲಿ ಮೊದಲ ದಿನವೇ ಕಲಿತೆ. ‘ಕಾರ್ನೆ ತಿನ್ನುವುದಿಲ್ಲ’ ಎಂದಿದ್ದೆ. ಕಾರ್ನೆ ಎಂದರೆ ಮಾಂಸ. ಮಧ್ಯಾಹ್ನ ತಟ್ಟೆಗೆ ಹಸಿ ಬಟಾಣಿ ಪಲ್ಯದಂಥದ್ದು ಬಂತು. ನೋಡಿ ಖುಷಿಯಾಯಿತು. ಆಮೇಲೆ ಬಟಾಣಿಯ ನಡುವೆ ಕೆಂಪು ಚೂರುಗಳು ಕಂಡವು. ಇದೇನು ಎಂದು ಕೇಳಿದೆ. ಮನೆಯ ಅಮ್ಮ ಸಮಾಧಾನದ ದನಿಯಲ್ಲಿ, ‘ಮಾಂಸ ಅಲ್ಲ, ಹಮೋನ್’ ಎಂದರು. ಹಮೋನ್ ಎಂದರೆ ಉಪ್ಪು ಹಾಕಿ ತಿಂಗಳುಗಟ್ಟಲೆ ಒಣಗಿಸಿದ ಹಂದಿಯ ತೊಡೆ. ಅವರು ನನಗೆ ಮೋಸ ಮಾಡಿರಲಿಲ್ಲ. ಅಲ್ಲಿನ ಎಷ್ಟೋ ಜನರಿಗೆ ಕಾರ್ನೆ ಎಂದರೆ ಬಾಣಲೆಯಲ್ಲಿ ಹುರಿದ ದೊಡ್ಡ ತುಂಡು. ಹಮೋನ್ ಬೇರೆ, ಡಬ್ಬಿಯ ಟ್ಯೂನಾ ಮೀನು ಬೇರೆ, ಕೋಳಿ ಬೇಯಿಸಿದ ನೀರು ಬೇರೆ. ನನ್ನ ಮುಖ ನೋಡಿ ಅವರೇ ನೊಂದುಕೊಂಡರು. ತಕ್ಷಣ ಎದ್ದು ಹೋಗಿ ಎರಡು ಮೊಟ್ಟೆ ಹುರಿದು ತಂದರು.

ಆ ಊರಿನಲ್ಲಿ ಹಮೋನ್ ಬರೀ ತಿಂಡಿಯಲ್ಲ, ಹೆಮ್ಮೆಯ ವಿಷಯ. ಒಳ್ಳೆಯ ಹಮೋನ್‌ಗೆ ಹೆಸರಾದ ಗಿಹುಎಲೊ ಎಂಬ ಊರು ಅದೇ ಪ್ರಾಂತ್ಯದಲ್ಲಿದೆ, ಸಲಮಾಂಕಾದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್. ಅತಿಥಿ ಬಂದಾಗ ಹಮೋನ್ ಇಡುವುದು ಅವರಿಗೆ ಮರ್ಯಾದೆ. ಹಾಗಾಗಿ ಬೇಡ ಎನ್ನುವಾಗ ಮುಖ ಸಿಂಡರಿಸಬೇಡಿ. ನಮ್ಮ ಮನೆಯಲ್ಲಿ ಯಾರೂ ತಿನ್ನುವುದಿಲ್ಲ, ಹುಟ್ಟಿನಿಂದ ಹೀಗೇ ಎಂದು ಹೇಳಿ. ಆರೋಗ್ಯಕ್ಕೋ ಫ್ಯಾಷನ್ನಿಗೋ ಬಿಟ್ಟದ್ದಲ್ಲ, ಮನೆತನದಿಂದ ಬಂದದ್ದು ಎಂದರೆ ಅವರಿಗೆ ಬೇಗ ಅರ್ಥವಾಗುತ್ತದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಶುಕ್ರವಾರ ಮಾಂಸ ಬಿಡುವ ಪದ್ಧತಿ ಅವರಲ್ಲೂ ಇದೆ. ಆ ದಿನಗಳಿಗೆಂದೇ ಕಡಲೆಕಾಳು, ಪಾಲಕ್ ಹಾಕಿದ ಒಂದು ಸಾರು ಮಾಡುತ್ತಾರೆ. ಅದಕ್ಕೆ ಬಾಕಲಾವೊ ಎಂಬ ಉಪ್ಪು ಮೀನು ಬೀಳುತ್ತದೆ. ಮೀನು ಬಿಟ್ಟು ಮಾಡಿ ಎಂದು ಕೇಳಿ. ನನಗಂತೂ ಅದು ಮನೆಯ ಊಟದ ಹಾಗೇ ಅನಿಸಿತು.

ಹಮೋನ್ ಇರುವ ಅದೇ ಪ್ರಾಂತ್ಯದಲ್ಲಿ ನಮ್ಮಂಥವರ ಊಟವೂ ಬೆಳೆಯುತ್ತದೆ. ಊರಿನ ಉತ್ತರಕ್ಕೆ ಲಾ ಅರ್ಮೂನ್ಯಾ ಎಂಬ ಸೀಮೆ ಇದೆ. ಅಲ್ಲಿನ ಮಸೂರಕ್ಕೆ ಸ್ಪೇನ್ ತುಂಬಾ ಹೆಸರು. ಮಸೂರದ ಸಾರಿಗೆ ಲೆಂತೆಹಾಸ್ ಎನ್ನುತ್ತಾರೆ. ತಾಪತ್ರಯ ಏನೆಂದರೆ, ಅದರ ಜೊತೆಗೇ ಚೊರೀಸೊ ಎಂಬ ಹಂದಿ ಸಾಸೇಜ್ ಬೇಯುತ್ತದೆ. ಆಮೇಲೆ ತುಂಡು ಎತ್ತಿಟ್ಟು ಬಡಿಸಿದರೆ ಏನು ಬಂತು? ರಸ ಎಲ್ಲ ಅದರಲ್ಲೇ ಇರುತ್ತದೆ, ಅಲ್ವಾ? ನಾನು ಕೇಳಿಕೊಂಡದ್ದು ಇಷ್ಟು: ಚೊರೀಸೊ ಹಾಕುವ ಮುಂಚೆಯೇ ನನ್ನ ಪಾಲನ್ನು ಬೇರೆ ಸಣ್ಣ ಪಾತ್ರೆಗೆ ತೆಗೆದು, ಪಿಮೆಂತೋನ್ ಹಾಕಿ ಬೇಯಿಸಿ. ಪಿಮೆಂತೋನ್ ಎಂದರೆ ಅಲ್ಲಿನ ಮೆಣಸಿನ ಪುಡಿ. ಪಕ್ಕದ ಲಾ ವೇರಾ ಸೀಮೆಯದಾದರೆ ಓಕ್ ಸೌದೆಯ ಹೊಗೆಯಲ್ಲಿ ಒಣಗಿಸಿದ್ದು. ಚೊರೀಸೊಗೆ ಆ ಕೆಂಪು ಬಣ್ಣ, ಆ ಹೊಗೆ ವಾಸನೆ ಬರುವುದೂ ಇಂಥ ಪುಡಿಯಿಂದಲೇ. ಹಾಗಾಗಿ ರುಚಿ ಅಷ್ಟೇನೂ ಕಮ್ಮಿಯಾಗುವುದಿಲ್ಲ. ಹೊಗೆ ವಾಸನೆ ಬಂತೆಂದು ಗಾಬರಿಯಾಗಬೇಡಿ, ಅದು ಮಾಂಸವೇ ಆಗಿರಬೇಕಿಲ್ಲ.

ತೋರ್ತಿಯಾ ದೆ ಪತಾತಾಸ್ ನಿಮ್ಮನ್ನು ಕಾಯುತ್ತದೆ. ಆಲೂಗಡ್ಡೆ, ಮೊಟ್ಟೆ, ಬಹಳ ಮನೆಗಳಲ್ಲಿ ಈರುಳ್ಳಿ ಸಹ ಹಾಕಿ ಮಾಡುವ ದಪ್ಪ ಆಮ್ಲೆಟ್. (ಪತಾತಾ ಮತ್ತು ನಮ್ಮ ಬಟಾಟೆ ನೆಂಟರು. ಬಟಾಟೆ ಪೋರ್ಚುಗೀಸರ ಜೊತೆ ನಮ್ಮ ಕರಾವಳಿಗೆ ಬಂದ ಮಾತು.) ಟೊಮ್ಯಾಟೊ, ಬದನೆ, ಕ್ಯಾಪ್ಸಿಕಂ ಬೇಯಿಸಿದ ಪಿಸ್ತೊ, ಬೇಸಿಗೆಯ ತಣ್ಣನೆ ಟೊಮ್ಯಾಟೊ ಸಾರು ಗಾಸ್ಪಾಚೊ ಕೂಡ ಧೈರ್ಯವಾಗಿ ತಿನ್ನಬಹುದು. ಕ್ರೊಕೆತಾಸ್ ಎಂಬ ಕರಿದ ಉಂಡೆಯನ್ನು ಮಾತ್ರ ಕೇಳದೆ ಬಾಯಿಗೆ ಹಾಕಬೇಡಿ, ಒಳಗೆ ಹಮೋನ್ ಇರುವುದೇ ಜಾಸ್ತಿ. ಸಾಲಡ್‌ನಲ್ಲಿ ಟ್ಯೂನಾ ಇರುತ್ತದೆ. ಕ್ರಿಸ್ಮಸ್ ಸಮಯದ ಪೊಲ್ವೊರೋನ್ ಬಿಸ್ಕತ್ತಿಗೆ ಸಾಮಾನ್ಯವಾಗಿ ಹಂದಿ ಕೊಬ್ಬು ಹಾಕುತ್ತಾರೆ. ಇದನ್ನು ನಮ್ಮವರಿಗೆ ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಊಟದ ಹೊತ್ತಿಗೂ ಒಗ್ಗಿಕೊಳ್ಳಬೇಕು. ಬೆಳಿಗ್ಗೆ ಕಾಫಿ, ಒಂದೆರಡು ಬ್ರೆಡ್ ಅಷ್ಟೇ. ಇಡ್ಲಿ, ದೋಸೆ ತಿಂದು ಹೊರಡುವ ಹೊಟ್ಟೆಗೆ ಅದು ಸಾಲುವುದಿಲ್ಲ. ಮಧ್ಯಾಹ್ನದ ಊಟ ಎರಡೂವರೆಗೆ, ರಾತ್ರಿ ಊಟ ಒಂಬತ್ತು, ಒಂಬತ್ತೂವರೆಗೆ. ಹನ್ನೊಂದರ ಬಿಡುವಿನಲ್ಲಿ ಹೊರಗೆ ಒಂದು ತುಂಡು ತೋರ್ತಿಯಾ ತಿನ್ನುವ ಅಭ್ಯಾಸ ಮಾಡಿಕೊಳ್ಳಿ.

ಇಷ್ಟೆಲ್ಲ ಕಷ್ಟ ಪಟ್ಟು ಮನೆಯವರ ಜೊತೆ ಯಾಕಿರಬೇಕು? ಸೋಬ್ರೆಮೆಸಾ ಇದೆಯಲ್ಲ, ಅದಕ್ಕೆ. ಊಟ ಮುಗಿದ ಮೇಲೂ ಮೇಜು ಬಿಟ್ಟು ಏಳದೆ ಮಾತಾಡುತ್ತಾ ಕೂರುವುದಕ್ಕೆ ಅವರಲ್ಲಿ ಹೀಗೊಂದು ಹೆಸರೇ ಇದೆ. ಸಲಮಾಂಕಾದ ವಿಶ್ವವಿದ್ಯಾಲಯ 1218ರಲ್ಲಿ ಶುರುವಾಯಿತು. ಅಷ್ಟು ಹಳೆಯ ಊರಿನಲ್ಲಿ ನಾನು ಜಾಸ್ತಿ ಕಲಿತದ್ದು ಆ ಊಟದ ಮೇಜಿನ ಮುಂದೆ. ಚಳಿಗಾಲದಲ್ಲಿ ದುಂಡು ಮೇಜಿನ ಕೆಳಗೆ ಹೀಟರ್ ಇಟ್ಟು, ಮೇಲಿನಿಂದ ನೆಲದವರೆಗೆ ದಪ್ಪ ಬಟ್ಟೆ ಹೊದಿಸುತ್ತಾರೆ. ಅದರೊಳಗೆ ಕಾಲು ಚಾಚಿ ಕೂತರೆ ಏಳಲು ಮನಸ್ಸೇ ಬರುವುದಿಲ್ಲ. ಊರು ಸುಮಾರು 800 ಮೀಟರ್ ಎತ್ತರದಲ್ಲಿದೆ, ಚಳಿ ಜೋರು. ಮನೆಯೊಳಗೆ ಬರಿಗಾಲಲ್ಲಿ ಓಡಾಡಿದರೆ ‘ಶೀತ ಆಗುತ್ತೆ’ ಎಂದು ಗದರುತ್ತಾರೆ. ಒಂದು ಜೊತೆ ಮನೆಚಪ್ಪಲಿ ಇಟ್ಟುಕೊಳ್ಳಿ.

ಆ ಮೇಜಿನ ಮುಂದೆ ಕನ್ನಡ ನಿಮ್ಮ ಕೈ ಹಿಡಿಯುತ್ತದೆ. ‘ಮೆ ಗುಸ್ತಾ’ ಎಂದರೆ ನೇರವಾಗಿ ‘ನನಗೆ ಇಷ್ಟ’. ‘ಮೆ ದುಎಲೆ ಲಾ ಕಬೇಸಾ’ ಎಂದರೆ ‘ನನಗೆ ತಲೆ ನೋಯುತ್ತದೆ’. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ ವಾರಗಟ್ಟಲೆ ತಡವರಿಸುತ್ತಾರೆ. ‘ಬಂದೆ’ ಎಂದರೆ ನಾನು ಎಂದು ಬೇರೆ ಹೇಳಬೇಕಿಲ್ಲ ಅಲ್ವಾ, ಅಲ್ಲೂ ಹಾಗೆಯೇ. ನೀನು, ನೀವು ಎರಡೂ ಇವೆ: ತೂ, ಉಸ್ತೇದ್. ಆದರೆ ನಾನು ಆ ಅಮ್ಮನಿಗೆ ಉಸ್ತೇದ್ ಎಂದಾಗ ಅವರು ಕೈ ಅಡ್ಡ ಆಡಿಸಿ, ‘ತೂ’ ಎಂದೇ ಕರೆ ಎಂದರು. ಅಜ್ಜಿಯ ವಯಸ್ಸಿನವರನ್ನು ಹೆಸರು ಹಿಡಿದು ನೀನು ಎನ್ನಲು ನನಗೆ ಎರಡು ವಾರ ಬೇಕಾಯಿತು.

ಮೊಟ್ಟೆಯನ್ನೂ ತಿನ್ನದವರಿಗೆ, ಒಂದೇ ಬಾಣಲೆ, ಒಂದೇ ಸೌಟು ಬಳಸುವುದು ಆಗದವರಿಗೆ ನಾನು ಬೇರೆ ಮಾತು ಹೇಳುತ್ತೇನೆ. ಮೂರೂ ಹೊತ್ತಿನ ಊಟದ ಏರ್ಪಾಡು ಬೇಡ. ಅಡುಗೆಮನೆ ಬಳಸಲು ಬಿಡುವ ಮನೆ ಬೇಕೆಂದು ಶಾಲೆಯವರನ್ನು ಮೊದಲೇ ಕೇಳಿ. ಇಲ್ಲದಿದ್ದರೆ ಬೇರೆ ವಿದ್ಯಾರ್ಥಿಗಳ ಜೊತೆ ಫ್ಲಾಟ್ ಹಿಡಿಯಿರಿ. ಹೋಮ್‌ಸ್ಟೇ ಮನೆಯ ಒಂದೇ ಒಲೆಯಲ್ಲಿ ಹಂದಿ ಮಾಂಸವೂ ಬೇಯುತ್ತದೆ, ಅದನ್ನು ಅವರು ನಮಗಾಗಿ ನಿಲ್ಲಿಸಲಾರರು.

ನಿಮಗೆ ಮನೆ ಗೊತ್ತು ಮಾಡುವ ಮೊದಲೇ ಶಾಲೆಗೆ ಈ ಮಾತು ಬರೆದು ಕಳಿಸಿ. ಅದನ್ನೇ ಮನೆಯವರಿಗೂ ಮೊದಲ ಸಂಜೆ ಓದಿ ಹೇಳಿ: ‘ನೋ ಕೋಮೊ ಕಾರ್ನೆ, ನಿ ಹಮೋನ್, ನಿ ಚೊರೀಸೊ, ನಿ ಪೊಯೊ, ನಿ ಪೆಸ್ಕಾದೊ, ನಿ ಅತೂನ್, ನಿ ಕಾಲ್ದೊ ದೆ ಕಾರ್ನೆ. ಸೀ ಕೋಮೊ ಉಎವೊಸ್, ಲೆಚೆ ಇ ಕೇಸೊ.’ ಮಾಂಸ, ಹಮೋನ್, ಚೊರೀಸೊ, ಕೋಳಿ, ಮೀನು, ಟ್ಯೂನಾ, ಮಾಂಸ ಬೇಯಿಸಿದ ನೀರು ಬೇಡ. ಮೊಟ್ಟೆ, ಹಾಲು, ಚೀಸ್ ಆಗುತ್ತದೆ ಎಂದರ್ಥ. ನಮ್ಮ ಮನೆಯ ಅಮ್ಮ ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದರು.